ಕಾಣದ ಬಂಡಿಗೆ ಕೊಟ್ಟ ಮುಂಗಡ

ಬಳ್ಳಾರಿಯಿಂದ ದಕ್ಷಿಣಾಭಿಮುಖವಾಗಿ ಹೊರಟು ರಾಜ್ಯದ ಎಲ್ಲೆಯನ್ನು ದಾಟುವ ಪ್ರಯಾಣಿಕನಿಗೆ, ತಾನು ದಾಟಿದೆನೆಂಬುದು ದಾರಿಯ ಫಲಕಗಳ ಲಿಪಿಯಿಂದ ತಿಳಿಯಬೇಕಲ್ಲದೆ, ನೆಲದ ಬಣ್ಣದಿಂದಾಗಲಿ ಜನರ ಮಾತಿನಿಂದಾಗಲಿ ತಿಳಿಯುವುದಿಲ್ಲ. ಬೊಮ್ಮನಹಾಳಿನ ಸುತ್ತಣ ಎರೆಯ ಹೊಲಗಳು ಬಳ್ಳಾರಿಯ ಎರೆಯ ಹೊಲಗಳ ಮುಂದುವರಿಕೆಯೇ ಆಗಿವೆ. ಅಲ್ಲಿ ಕನ್ನಡವೂ ತೆಲುಗೂ ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ಬಾಯಲ್ಲಿ, ಕೇಳಬರುತ್ತವೆ. 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರೂಪುಗೊಂಡಾಗ, ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರಿಗೆ ಬಂದು, ಆದವಾನಿ, ಆಲೂರು, ರಾಯದುರ್ಗ ಎಂಬ ಮೂರು ತಾಲೂಕುಗಳು ಮಾತ್ರ ಆಂಧ್ರಕ್ಕೆ ಸಂದುವು. ರಾಯದುರ್ಗದೊಡನೆ ಬೊಮ್ಮನಹಾಳೂ ಅನಂತಪುರದ ಆಡಳಿತಕ್ಕೆ ಒಳಪಟ್ಟಿತು. ಕಂದಾಯದ ಕಾಗದವು ಒಂದು ದಿಕ್ಕಿಗೆ ಹೋಗಲಾರಂಭಿಸಿದರೂ ಕೊಳ್ಳುವ ಕೊಡುವ ವ್ಯವಹಾರವು ಹಳೆಯ ದಿಕ್ಕಿಗೇ, ಎಂದರೆ ಬಳ್ಳಾರಿಯ ಕಡೆಗೇ, ಹರಿಯುತ್ತ ಬಂದಿದೆ. ಈ ಸೀಮೆಯವರು ತಮ್ಮ ವಾಹನಗಳನ್ನು ಹೇಗೆ ಸಂಪಾದಿಸಿಕೊಂಡರು, ವಿಶೇಷವಾಗಿ, ಇನ್ನೂ ಕಣ್ಣಿಗೆ ಬೀಳದ ವಾಹನಕ್ಕೆ ಹೇಗೆ ಹಣವನ್ನು ತೆತ್ತರು ಎಂಬುದನ್ನು ಹಿಂದಕ್ಕೆ ಹುಡುಕುತ್ತ ಹೋದವನಿಗೆ, ಕಾಣದುದಕ್ಕೆ ಮುಂಗಡ ಕೊಡುವ ಪದ್ಧತಿಯು ನಮ್ಮ ಕಾಲದ ಸೃಷ್ಟಿಯಲ್ಲವೆಂಬುದು ಬೇಗನೆ ಮನವರಿಕೆಯಾಗುತ್ತದೆ. ಕಾಲಕಾಲಕ್ಕೆ ಬದಲಾದುದು ಎರಡೇ: ಕೊಳ್ಳುವವನು ಯಾರ ಮುಖವನ್ನು ನೋಡಿ ನಂಬಿದನು, ಮತ್ತು ಕಾಯುವ ಅವಧಿಯಲ್ಲಿ ಅವನ ಹಣವು ಯಾರ ಬಳಿ ಇದ್ದಿತು.

ಎತ್ತಿನ ಬಂಡಿಯ ಕಾಲದಲ್ಲಿ ಸಿದ್ಧವಾದ ಬಂಡಿಯನ್ನು ನೋಡಿ ಕೊಳ್ಳುವ ರೂಢಿಗಿಂತ, ಇನ್ನೂ ಮರವಾಗಿಯೇ ನಿಂತಿರುವ ಬಂಡಿಯನ್ನು ಮಾಡಿಸಿಕೊಳ್ಳುವ ರೂಢಿಯೇ ಹೆಚ್ಚಾಗಿದ್ದಿತು. ರೈತನು ತನ್ನ ಹೊಲದ ಬದುವಿನಲ್ಲಿ ಬೆಳೆದ ಕರಿಜಾಲಿಯನ್ನು ಕಡಿಸಿ, ಅದನ್ನು ಒಣಗಲು ಬಿಟ್ಟು, ಊರ ಬಡಗಿಯ ಮನೆಯ ಮುಂದೆ ತಂದು ಹಾಕಿದ ಮೇಲೆ, ಗುಂಬಕ್ಕೆ ಯಾವ ತುಂಡು, ಅರೆಕಾಲಿಗೆ ಯಾವ ತುಂಡು, ಮೂಕಿಗೆ ಯಾವುದು, ನೊಗಕ್ಕೆ ಯಾವುದು ಎಂಬುದನ್ನು ಇಬ್ಬರೂ ಕುಳಿತು ನಿಶ್ಚಯಿಸುತ್ತಿದ್ದರು. ಗಾಲಿಯು ಸಿದ್ಧವಾದ ಮೇಲೆ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿರುವಾಗಲೇ ಗಾಲಿಗೆ ತೊಡಿಸಿ, ನೀರು ಸುರಿದು ಬಿಗಿಯುವ ದಿನವನ್ನು ನೋಡಲು ಮಕ್ಕಳೆಲ್ಲ ನೆರೆಯುತ್ತಿದ್ದರು. ಹಗರಿಯ ದಂಡೆಯ ಊರುಗಳಲ್ಲಿ ಈ ನಿಶ್ಚಯವು ಅಲ್ಪವಾದ ಕಾರ್ಯವಾಗಿರಲಿಲ್ಲ. ಏಕೆಂದರೆ ದರ್ಗಾ ಹೊನ್ನೂರಿನ ಸುತ್ತಮುತ್ತ ಗಾಳಿಯು ನದೀಪಾತ್ರದ ಮರಳನ್ನು ಹೊತ್ತು ತಂದು ದಿಬ್ಬದ ಮೇಲೆ ದಿಬ್ಬವಾಗಿ ಒಟ್ಟುತ್ತದೆ. ಆ ಕಡೆ ಮರಳು, ಈ ಕಡೆ ಮಳೆ ಬಿದ್ದೊಡನೆ ಗಾಲಿಯನ್ನು ಹಿಡಿದು ಬಿಡದ ಎರೆ. ಎರಡನ್ನೂ ದಾಟಬೇಕಾದ ಗಾಲಿಯ ಎತ್ತರವೆಷ್ಟು, ಅಗಲವೆಷ್ಟು ಎಂಬುದನ್ನು ಅದೇ ಕೆಸರಿನಲ್ಲಿ ನಡೆದವನಲ್ಲದೆ ಬೇರೊಬ್ಬನು ಹೇಳಲಾರನು. ಬಡಗಿಯು ಆಯಗಾರರಲ್ಲೊಬ್ಬನು, ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳನ್ನು ಒಯ್ಯುವವನು, ಅವನ ತಂದೆಯು ಕೊಳ್ಳುವವನ ತಂದೆಗೆ ಬಂಡಿಯನ್ನು ಮಾಡಿಕೊಟ್ಟವನು. ಆದುದರಿಂದ ವಸ್ತುವು ಕಾಣದಿದ್ದರೂ ಕರ್ತನು ದಿನವೂ ಕಾಣುತ್ತಿದ್ದನು. ಗಾಲಿಯು ಅಲ್ಲಾಡಿದರೆ ಅದನ್ನು ಅವನ ಬಾಗಿಲಿಗೇ ಉರುಳಿಸಿಕೊಂಡು ಹೋಗಬಹುದಾಗಿದ್ದಿತು.

ಇದು ಸಾಮಾನ್ಯರ ಮಾತಾಯಿತು. ಅರಸರ ವಾಹನವಾದ ಕುದುರೆಯ ವಿಷಯದಲ್ಲಿ ಇದಕ್ಕಿಂತಲೂ ಸಾಹಸದ ವ್ಯವಹಾರವೊಂದು ಈ ನಾಡಿನಲ್ಲಿಯೇ ನಡೆದಿತ್ತು. ಹದಿನಾರನೆಯ ಶತಮಾನದ ಮೂರನೆಯ ದಶಕದ ಬಳಿಕ ವಿಜಯನಗರದಲ್ಲಿದ್ದ ಪೋರ್ತುಗೀಸ್ ವರ್ತಕನಾದ ಫೆರ್ನಾವ್ ನೂನಿಜ್ ಎಂಬವನು ತನ್ನ ವೃತ್ತಾಂತದಲ್ಲಿ ಸಾಳುವ ನರಸಿಂಹನ ಕುದುರೆವ್ಯಾಪಾರವನ್ನು ಕುರಿತು ಬರೆದಿರುವನು: ಹೊರ್ಮುಜ್ ಮತ್ತು ಏಡನ್ನುಗಳಿಂದ ಕುದುರೆಗಳನ್ನು ತರಿಸುತ್ತಿದ್ದ ಆ ದೊರೆಯು, ಸಾವಿರ ಪರ್ದಾವು ನಾಣ್ಯಗಳಿಗೆ ಮೂರು ಕುದುರೆಯಂತೆ, ಬದುಕಿ ಬಂದುದಕ್ಕೂ ಸತ್ತುದಕ್ಕೂ ಒಂದೇ ಬೆಲೆಯನ್ನು ಕೊಡುತ್ತಿದ್ದನಂತೆ, ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ ವರ್ತಕನಿಗೆ ಹಣ ಸಲ್ಲುತ್ತಿದ್ದಿತಂತೆ. ಇದನ್ನು ಓದಿದವರಲ್ಲಿ ಹಲವರು ದೊರೆಯ ದುಂದುಗಾರಿಕೆಯೆಂದು ಭಾವಿಸುವರು. ನನಗೆ ಹಾಗೆ ತೋರುವುದಿಲ್ಲ. ಕಡಲ ಪ್ರಯಾಣದ ಅಪಾಯವನ್ನೆಲ್ಲ ಮಾರುವವನ ಹೆಗಲಿಗೆ ಹಾಕಿದ್ದರೆ ಅವನು ಬೇರೆಯ ದೊರೆಯ ರೇವಿಗೆ ಹಡಗನ್ನು ತಿರುಗಿಸುತ್ತಿದ್ದನು. ಅಪಾಯವನ್ನು ತಾನೇ ಹೊತ್ತುಕೊಂಡುದರಿಂದ ನರಸಿಂಹನಿಗೆ ಕುದುರೆಗಳು ತಪ್ಪದೆ ಬಂದುವು. ಕಾಣದ ವಾಹನಕ್ಕೆ ಹಣ ತೆರುವಲ್ಲಿ ಕೊಳ್ಳುವವನು ಸ್ವಬುದ್ಧಿಯಿಂದ, ಲೆಕ್ಕ ಹಾಕಿ, ನಷ್ಟವನ್ನು ಅಂಗೀಕರಿಸಿದ ದೃಷ್ಟಾಂತಗಳಲ್ಲಿ ಇದಕ್ಕಿಂತ ಸ್ಪಷ್ಟವಾದುದು ನನಗೆ ದೊರೆತಿಲ್ಲ.

ಸ್ವಾತಂತ್ರ್ಯಾನಂತರದ ಕಾಲದಲ್ಲಿ ವಾಹನದ ಕರ್ತನು ಊರನ್ನು ಬಿಟ್ಟು ದೂರಹೋದನು. ನಡುವೆ ಸರಕಾರವು ಬಂದು ನಿಂತಿತು. ವಾಹನವು ಕಡಿಮೆ, ಬೇಡುವವರು ಹೆಚ್ಚು. ಕಾರ್ಖಾನೆಯು ಎಷ್ಟು ತಯಾರಿಸಬೇಕೆಂಬುದಕ್ಕೂ ಅಪ್ಪಣೆ ಬೇಕು. ಕಾರುಗಳ ವಿತರಣೆಯನ್ನು ನಿಯಂತ್ರಿಸುವ ಆಜ್ಞೆಯು 1959ರಲ್ಲಿಯೂ ಸ್ಕೂಟರುಗಳದು 1960ರಲ್ಲಿಯೂ ಹೊರಟುವು. ಸ್ಕೂಟರನ್ನು ಬಯಸಿದವನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ 250 ರೂಪಾಯಿಗಳನ್ನಿಟ್ಟು, ಅದನ್ನು ಆಧಾರವಾಗಿ ಬರೆದುಕೊಟ್ಟು, ವ್ಯಾಪಾರಿಯ ರಿಜಿಸ್ಟರಿನಲ್ಲಿ ತನ್ನ ಹೆಸರನ್ನು ಬರೆಯಿಸಬೇಕಾಗಿದ್ದಿತು. ಅನಂತರ ಕಾಯಬೇಕು. ವೆಸ್ಪಾ ಸ್ಕೂಟರಿಗೂ ಅದರ ಸಂತತಿಯಾದ ಬಜಾಜಿಗೂ ಕಾದವರು ಹತ್ತು ವರ್ಷದವರೆಗೂ ಕಾದುದುಂಟು. ಹೆಣ್ಣುಮಗು ಹುಟ್ಟಿದಾಗಲೇ ಸ್ಕೂಟರಿಗೆ ಹೆಸರು ಬರೆಯಿಸಿದರೆ ಮದುವೆಯ ವೇಳೆಗೆ ಬಂದೀತೆಂದು ಹಿರಿಯರು ಆಡಿಕೊಳ್ಳುತ್ತಿದ್ದ ಮಾತಿನಲ್ಲಿ ಅತಿಶಯೋಕ್ತಿಯು ಅಷ್ಟೇನೂ ಇರಲಿಲ್ಲ. ಇಷ್ಟು ದೀರ್ಘವಾದ ಕಾಲದಲ್ಲಿ ಬರೆಯಿಸಿದ ವಸ್ತುವೇ ಬೇರೆಯಾಗಿಬಿಡುತ್ತಿದ್ದಿತು: 1971ರಲ್ಲಿ ಇಟಲಿಯ ಪಿಯಾಜಿಯೋ ಸಂಸ್ಥೆಯೊಡನೆ ಬಜಾಜಿನವರ ಒಪ್ಪಂದವು ಮುಗಿದು, 1972ರಲ್ಲಿ ಚೇತಕ್ ಎಂಬ ಹೊಸ ಸ್ಕೂಟರು ಹೊರಬಂದಾಗ, ವೆಸ್ಪಾ ಎಂದು ಬರೆಯಿಸಿ ಪಟ್ಟಿಯಲ್ಲಿ ಇನ್ನೂ ಉಳಿದಿದ್ದವನಿಗೆ ದೊರೆಯಬಹುದಾದ ವಾಹನವು, ಅವನು ಹೆಸರು ಬರೆಯಿಸಿದ ದಿನ ಲೋಕದಲ್ಲಿಯೇ ಇರದಿದ್ದ ವಾಹನವಾಗಿದ್ದಿತು.

ಆ ಕಾಲದ ನಿಯಂತ್ರಣವನ್ನು ಹಳಿಯುವುದು ಈಗ ವಾಡಿಕೆ. ಕಾದವರ ಕ್ಲೇಶವನ್ನೂ, ಪಟ್ಟಿಯಲ್ಲಿನ ಸರದಿಯನ್ನು ಮಾರಿಕೊಂಡು ಪ್ರೀಮಿಯಂ ಪಡೆದವರ ದುರಾಶೆಯನ್ನೂ ಯಾರೂ ಸಮರ್ಥಿಸಲಾರರು. ಆದರೆ ಒಂದು ನ್ಯಾಯವನ್ನು ಆ ಪದ್ಧತಿಗೆ ಸಲ್ಲಿಸಲೇಬೇಕು: ಮುಂಗಡದ ಹಣವು ಕೊಳ್ಳುವವನ ಹೆಸರಿನಲ್ಲಿಯೇ, ಅವನ ಪಾಸ್‌ಬುಕ್ಕಿನಲ್ಲಿಯೇ ಇದ್ದು, ಬಡ್ಡಿಯೂ ಅವನಿಗೇ ಸೇರುತ್ತಿದ್ದಿತು, ಕಾರ್ಖಾನೆಯು ಅದನ್ನು ಮುಟ್ಟುವಂತಿರಲಿಲ್ಲ. ಬಡವನ ಇನ್ನೂರೈವತ್ತು ರೂಪಾಯಿಗೆ ಅಷ್ಟು ಭದ್ರವಾದ ಕಾವಲು ಅನಂತರ ದೊರೆಯಲಿಲ್ಲ.

ಆ ಕಾವಲು ಸಡಿಲವಾದುದು ಮಾರುತಿ ಕಾರಿನ ಕಾಲದಲ್ಲಿ. 1982ರ ಅಕ್ಟೋಬರಿನಲ್ಲಿ ಜಪಾನಿನ ಸುಜುಕಿಯೊಡನೆ ಒಪ್ಪಂದಕ್ಕೆ ಸಹಿಯಾಯಿತು. 1983ರ ಏಪ್ರಿಲ್ 9ರಿಂದ ಜೂನ್ 8ರವರೆಗೆ, ಗುಡಗಾಂವಿನ ಕಾರ್ಖಾನೆಯಿಂದ ಒಂದು ಕಾರೂ ಹೊರಬಾರದಿರುವಾಗಲೇ, ಬುಕಿಂಗು ತೆರೆಯಲ್ಪಟ್ಟಿತು. ತಲೆಗೆ 10,000 ರೂಪಾಯಿ ಮುಂಗಡ. ಸುಮಾರು 1,35,000 ಜನರು ಹಣ ಕಟ್ಟಿದರು. ಎಂದರೆ 135 ಕೋಟಿ ರೂಪಾಯಿಗಳು, ಚಿತ್ರಗಳನ್ನೂ ವಾರ್ತಾಪತ್ರಿಕೆಗಳ ವರ್ಣನೆಯನ್ನೂ ನೆಚ್ಚಿ, ಎರಡು ತಿಂಗಳಲ್ಲಿ ಸಂದಾಯವಾದುವು. ಮೊದಲ ಕಾರಿನ ಬೀಗದ ಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಒಬ್ಬ ಗ್ರಾಹಕರಿಗೆ ಕೊಟ್ಟುದು ಅದೇ ವರ್ಷದ ಡಿಸೆಂಬರ್ 14ರಂದು. ಈ ಜನರು ಹೀಗೇಕೆ ನಂಬಿದರೆಂದು ಕೇಳಿದರೆ, ಅಂದಿನ ರಸ್ತೆಯಲ್ಲಿ ಕಾಣುತ್ತಿದ್ದ ಅಂಬಾಸಡರನ್ನೂ ಪ್ರೀಮಿಯರ್ ಪದ್ಮಿನಿಯನ್ನೂ ಸ್ಮರಿಸಿಕೊಂಡರೆ ಸಾಕು. ದಶಕಗಳ ಕಾಲ ಅವೆರಡನ್ನೇ ಕಂಡು ಬೇಸತ್ತವರಿಗೆ, ಕಾಣದ ಮೂರನೆಯದೇ ಹೆಚ್ಚು ವಿಶ್ವಾಸಾರ್ಹವಾಗಿ ತೋರಿದ್ದು ಸಹಜವಾಗಿದ್ದಿತು. ಸರಕಾರವೇ ಪಾಲುಗೊಂಡ ಸಂಸ್ಥೆಯೆಂಬುದೂ ಧೈರ್ಯವನ್ನು ಕೊಟ್ಟಿತು. ಅವರ ನಂಬಿಕೆಯು ವ್ಯರ್ಥವಾಗಲಿಲ್ಲ. ಆದರೆ ಅದು ಫಲಿಸಿದುದರಿಂದಲೇ, ತಯಾರಾಗದ ವಾಹನಕ್ಕೆ ಹಣವನ್ನು ನೇರವಾಗಿ ಕಾರ್ಖಾನೆಗೆ ಕಟ್ಟುವುದು ಮುಂದಿನವರಿಗೆ ಶಿಷ್ಟಾಚಾರವಾಗಿ ಪರಿಣಮಿಸಿತು.

2009ರ ಏಪ್ರಿಲಿನಲ್ಲಿ ಟಾಟಾ ನ್ಯಾನೋ ಕಾರಿಗೆ ಎರಡು ಲಕ್ಷಕ್ಕೂ ಹೆಚ್ಚು ಜನರು ಹಣ ಕಟ್ಟಿ, ಮೊದಲ ಒಂದು ಲಕ್ಷ ಮಂದಿಯನ್ನು ಕಂಪ್ಯೂಟರಿನ ಚೀಟಿಯೆತ್ತುವಿಕೆಯಿಂದ ಆರಿಸಬೇಕಾಗಿ ಬಂದುದು ಆ ಶಿಷ್ಟಾಚಾರದ ಮುಂದುವರಿಕೆ. ಆದರೆ ಕನ್ನಡನಾಡಿನ ಮಟ್ಟಿಗೆ ಹೆಚ್ಚು ಹೃದಯಸ್ಪರ್ಶಿಯಾದುದು ಜಾವಾ ಮೋಟಾರ್‌ಸೈಕಲ್ಲಿನ ಪ್ರಸಂಗ. ಮೈಸೂರಿನಲ್ಲಿ 1961ರಿಂದ ತಯಾರಾಗಿ, ಮುಂದೆ ಯೆಜ್ಡಿ ಎಂಬ ಹೆಸರನ್ನು ತಾಳಿ, 1996ರಲ್ಲಿ ಕಾರ್ಖಾನೆಯು ಮುಚ್ಚುವವರೆಗೆ ಈ ವಾಹನವು ದಕ್ಷಿಣದ ಎಷ್ಟೋ ಊರುಗಳಲ್ಲಿ ತನ್ನ ಶಬ್ದದಿಂದಲೇ ಗುರುತಿಸಲ್ಪಡುತ್ತಿದ್ದಿತು. 2018ರ ನವೆಂಬರ್ 15ರಂದು ಅದೇ ಹೆಸರಿನ ಹೊಸ ವಾಹನವನ್ನು ಬೇರೊಂದು ಸಂಸ್ಥೆಯು ಪ್ರಕಟಿಸಿ, 5,000 ರೂಪಾಯಿಗೆ ಬುಕಿಂಗನ್ನು ತೆರೆದಾಗ, ಬಂದ ಬೇಡಿಕೆಯನ್ನು ತಾಳಲಾರದೆ ಡಿಸೆಂಬರ್ 25ಕ್ಕೆ ಅದನ್ನು ನಿಲ್ಲಿಸಬೇಕಾಯಿತು. ಮುಂದಿನ ಸೆಪ್ಟೆಂಬರಿನವರೆಗಿನ ಉತ್ಪಾದನೆಯೆಲ್ಲ ಆಗಲೇ ಮಾರಿಹೋಗಿದ್ದಿತು. ಆ ಹೊಸ ಜಾವಾವು ಮೈಸೂರಿನಲ್ಲಿ ಅಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದುದು. ಅದರ ಎಂಜಿನ್ನಿಗೂ ಹಳೆಯದರ ಎಂಜಿನ್ನಿಗೂ ಸಂಬಂಧವಿಲ್ಲ. ಬುಕ್ ಮಾಡಿದವರಲ್ಲಿ ಬಹುಮಂದಿ ಅದನ್ನು ಓಡಿಸಿ ನೋಡಿರಲಿಲ್ಲ. ಅವರು ಮುಂಗಡ ಕೊಟ್ಟುದು ತಂದೆಯೋ ಚಿಕ್ಕಪ್ಪನೋ ಓಡಿಸುತ್ತಿದ್ದ ಒಂದು ಬಂಡಿಯ ಸ್ಮರಣೆಗೆ. ಅಂಥ ಸ್ಮರಣೆಯನ್ನು ಲಘುವಾಗಿ ಕಾಣುವುದು ನನ್ನಿಂದಾಗದು.

ಇನ್ನು ಈ ಸೀಮೆಯ ಮಾತು. ಅನಂತಪುರವೆಂದರೆ ಬರವೆಂದು ನೂರು ವರ್ಷಗಳಿಂದ ಲೋಕವು ಅರಿತಿದ್ದಿತು. ಆಗ ಆ ಜಿಲ್ಲೆಗೆ ಸೇರಿದ್ದ ಪೆನುಕೊಂಡೆಯ ಬಳಿ, ತಾಳಿಕೋಟೆಯ ಯುದ್ಧಾನಂತರ ವಿಜಯನಗರದ ಅರಸರು ರಾಜಧಾನಿಯನ್ನಾಗಿ ಮಾಡಿಕೊಂಡ ಕೋಟೆಯ ನೆರೆಯಲ್ಲಿ, ಎರ್ರಮಂಚಿ ಎಂಬ ಗ್ರಾಮದಲ್ಲಿ, ಕೊರಿಯಾ ದೇಶದ ಕಿಯಾ ಸಂಸ್ಥೆಯು 2017ರಲ್ಲಿ ಆಂಧ್ರ ಸರಕಾರದೊಡನೆ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ ಮೂರು ಲಕ್ಷ ಕಾರುಗಳನ್ನು ತಯಾರಿಸಬಲ್ಲ ಕಾರ್ಖಾನೆಯನ್ನು ಕಟ್ಟಿತು. ಆ ಕಾರ್ಖಾನೆಯಿಂದ ಮಾರಾಟಕ್ಕೆ ಬಂದ ಮೊದಲ ವಾಹನವಾದ ಸೆಲ್ಟೋಸ್‌ಗೆ 2019ರ ಜುಲೈ 16ರಂದು ಬುಕಿಂಗು ಪ್ರಾರಂಭವಾಯಿತು. ಮುಂಗಡ 25,000 ರೂಪಾಯಿ. ಒಂದೇ ದಿನದಲ್ಲಿ 6,046 ಮಂದಿ ಹಣ ಕಟ್ಟಿದರು. ಆಗಸ್ಟ್ 22ರಂದು ಅದರ ಬೆಲೆಯನ್ನು ಪ್ರಕಟಿಸುವ ಹೊತ್ತಿಗೆ ಆ ಸಂಖ್ಯೆಯು 32,000ವನ್ನು ಮೀರಿದ್ದಿತು. ಇಲ್ಲಿ ಓದುಗರು ಕ್ಷಣಕಾಲ ನಿಲ್ಲಬೇಕೆಂದು ನನ್ನ ವಿನಂತಿ. ಕಿಯಾ ಎಂಬ ಹೆಸರಿನ ಕಾರು ಅದಕ್ಕೆ ಮೊದಲು ಈ ದೇಶದಲ್ಲಿ ಮಾರಾಟವಾಗಿರಲಿಲ್ಲ. ಕೆಟ್ಟರೆ ದುರಸ್ತಿ ಹೇಗೆಂಬುದನ್ನು ಹೇಳಬಲ್ಲ ನೆರೆಯವನಿರಲಿಲ್ಲ. ಹಳೆಯ ಬಂಡಿಯ ಸ್ಮರಣೆಯ ಆಸರೆಯೂ ಇರಲಿಲ್ಲ. ಸಾಲದುದಕ್ಕೆ, ಬೆಲೆಯೇ ಗೊತ್ತಿರಲಿಲ್ಲ. ಸಾಳುವ ನರಸಿಂಹನಿಗಾದರೂ ಮೂರು ಕುದುರೆಗೆ ಸಾವಿರ ಪರ್ದಾವು ಎಂಬುದು ಮೊದಲೇ ತಿಳಿದಿದ್ದಿತು! ನೋಡದೆ, ಓಡಿಸದೆ, ಬೆಲೆಯನ್ನರಿಯದೆ, ಮೂವತ್ತೆರಡು ಸಾವಿರ ಮನೆಗಳು ಒಪ್ಪಿಗೆಯಿತ್ತುದು ಈ ಪದ್ಧತಿಯ ಚರಿತ್ರೆಯಲ್ಲಿ ಹೊಸ ಅಧ್ಯಾಯವೆಂದೇ ನಾನು ಎಣಿಸುತ್ತೇನೆ. ಅನಂತರ ವೇಗವೂ ಬೆಳೆಯಿತು: 2022ರ ಜುಲೈ 30ರಂದು ಮಹೀಂದ್ರಾ ಸ್ಕಾರ್ಪಿಯೋ-ಎನ್ ವಾಹನಕ್ಕೆ ಅರ್ಧ ಗಂಟೆಯಲ್ಲಿ ಒಂದು ಲಕ್ಷ ಬುಕಿಂಗುಗಳು ಬಂದುವು. ಆ ಅರ್ಧ ಗಂಟೆಯಲ್ಲಿ ಬಡಗಿಯ ಅಂಗಳದಲ್ಲಿ ಗುಂಬಕ್ಕೆ ತಕ್ಕ ಮರದ ತುಂಡಿನ ಆಯ್ಕೆಯೂ ಮುಗಿಯುತ್ತಿರಲಿಲ್ಲ.

ಮುಂಗಡದ ಹಣವು ಯಾರ ಬಳಿ ಇರುತ್ತದೆಂಬ ಪ್ರಶ್ನೆಯನ್ನು ಈಗ ಕೇಳುವವರು ವಿರಳ. ಫೋನಿನ ಮೇಲೆ ಬೆರಳನ್ನೊತ್ತಿದೊಡನೆ ಅದು ಮಾರುವವನ ಖಾತೆಯನ್ನು ಸೇರುತ್ತದೆ. ಹಿಂದಿರುಗಿಸುವೆವೆಂಬ ವಾಗ್ದಾನವಿರುವುದುಂಟು, ಅದನ್ನು ಪಾಲಿಸುವವರೂ ಉಂಟು. ಆದರೂ ಅಂಚೆಯ ಪಾಸ್‌ಬುಕ್ಕಿನಲ್ಲಿ ಕೊಳ್ಳುವವನಿಗಿದ್ದ ಒಡೆತನ ಇಲ್ಲಿಲ್ಲ. ತಯಾರಾಗದ ವಾಹನಕ್ಕೆ ಪಡೆದ ಮುಂಗಡವನ್ನು, ವಾಹನವು ಕೈಸೇರುವವರೆಗೆ, ಕೊಳ್ಳುವವನ ಹೆಸರಿನ ಖಾತೆಯಲ್ಲಿಯೇ ಇರಿಸಬೇಕೆಂದು ಶಾಸನವಾದರೆ ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೊಮ್ಮನಹಾಳಿನಂಥ ಊರಿನ ರೈತನು ಈ ವಿಷಯದಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುತ್ತಾನೆ. ಮಗನು ಕಾರನ್ನೋ ಸ್ಕೂಟರನ್ನೋ ನೋಡದೆ ಬುಕ್ ಮಾಡಿದರೆ ಅವನು ತಡೆಯುವುದಿಲ್ಲ. ಬಳ್ಳಾರಿಯಲ್ಲಿ ಕೊಂಡು ಆಂಧ್ರದಲ್ಲಿ ನೋಂದಣಿ ಮಾಡಿಸುವ ತೊಡಕನ್ನು ಕುರಿತು ಒಂದು ಮಾತು ಹೇಳಿ ಸುಮ್ಮನಾಗುತ್ತಾನೆ. ಟ್ರ್ಯಾಕ್ಟರಿನ ಮಾತು ಬಂದರೆ ಹಾಗಲ್ಲ. ಅರವತ್ತು ಎಪ್ಪತ್ತರ ದಶಕಗಳಲ್ಲಿ ಟ್ರ್ಯಾಕ್ಟರಿಗೂ ಪಟ್ಟಿಯಿದ್ದು, ಪೂರ್ವ ಯೂರೋಪಿನಿಂದ ತರಿಸಿದ ಜೀಟರ್, ಬೈಲಾರುಸ್ ಮೊದಲಾದುವು ರಾಜ್ಯಗಳ ಕೃಷಿ ಕೈಗಾರಿಕಾ ನಿಗಮಗಳ ಮೂಲಕ ಬಂದಂತೆ ಜನರು ಅವನ್ನು ಸ್ವೀಕರಿಸುತ್ತಿದ್ದ ದಿನಗಳನ್ನು ಅವನ ತಂದೆಯ ತಲೆಮಾರು ಕಂಡಿದೆ. ಈಗ ಮಾರುವವರು ಹೊಸ ಟ್ರ್ಯಾಕ್ಟರನ್ನು ಊರಿಗೇ ತಂದು ನಿಲ್ಲಿಸುತ್ತಾರೆ. ರೈತನು ಅದರ ಬಣ್ಣವನ್ನು ನೋಡುವುದಕ್ಕೆ ಮೊದಲು ಅದನ್ನು ತನ್ನ ಎರೆಹೊಲಕ್ಕೆ ಇಳಿಸಿ, ನೇಗಿಲನ್ನು ಆಳಕ್ಕೆ ಬಿಡಿಸಿ, ಎಂಜಿನ್ನಿನ ಧ್ವನಿಯು ಎಲ್ಲಿ ಕುಗ್ಗುತ್ತದೆಂಬುದನ್ನು ಕಿವಿಗೊಟ್ಟು ಕೇಳಿ, ಎಷ್ಟು ಡೀಸೆಲ್ ಹಿಡಿಯಿತೆಂದು ಅಳೆದು ನೋಡಿದ ಮೇಲೆಯೇ ಬೆಲೆಯ ಮಾತನ್ನು ಎತ್ತುತ್ತಾನೆ.