ಚಿಟ್ನೀಸಿ ಮತ್ತು ಖಾಸಗಿ ಕಾರಭಾರ

ಮರಾಠಾ ಸಂಸ್ಥಾನಗಳಲ್ಲಿ ಒಡೆಯನ ಪತ್ರವ್ಯವಹಾರ, ಅರಮನೆಯ ಒಳವೆಚ್ಚ ಹಾಗೂ ಬೆಲೆಬಾಳುವ ವಸ್ತುಗಳ ಉಸ್ತುವಾರಿ. ಸೊಲ್ಲಾಪುರದಿಂದ ಆಗ್ನೇಯಕ್ಕೆ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆ ಈ ಪರಂಪರೆಗೆ ಸೇರಿದ್ದು. ಸಾತಾರೆಯ ಛತ್ರಪತಿ ಶಾಹು ಮಗನಂತೆ ಸಾಕಿದ ಫತೇಸಿಂಹ ಭೋಸಲೆ ಅಲ್ಲಿನ ರಾಜಮನೆತನದ ಮೂಲಪುರುಷ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು.

ಕೆಲಸದ ಹಂಚಿಕೆ ಖಚಿತವಾಗಿತ್ತು. ಕಾಗದ ಬರೆಯುವವನು, ಬಂದದ್ದಕ್ಕೆ ಉತ್ತರ ಸಿದ್ಧಪಡಿಸುವವನು ಚಿಟ್ನೀಸ. ಲೆಕ್ಕ ಫಡ್ನೀಸನದು, ರೊಕ್ಕ ಪೋತನೀಸನದು. ಒಡವೆ, ಜರತಾರಿ ವಸ್ತ್ರ, ನಜರಾಣೆಗಳು ಜಾಮದಾರಖಾನೆಗೆ, ಆಯುಧಗಳು ಶಿಲೇಖಾನೆಗೆ ಹೋಗುತ್ತಿದ್ದವು. ಒಡೆಯ ಸವಾರಿ ಹೊರಟರೂ ಮನೆವಾರ್ತೆ ನಿಲ್ಲುವಂತಿರಲಿಲ್ಲ. ಅದನ್ನು ನಡೆಸಿಕೊಂಡು ಹೋದವರು ಈ ಕಾರಕೂನರೇ. ಇತಿಹಾಸ ಅವರನ್ನು ಅಷ್ಟಾಗಿ ನೆನೆದಿಲ್ಲ.

ಅಕ್ಕಲಕೋಟೆಯ ರಾಜವಾಡೆಯ ಶಸ್ತ್ರಾಗಾರ ಇಂಥ ಸಂಗ್ರಹಕ್ಕೆ ಕಣ್ಣೆದುರಿನ ಸಾಕ್ಷಿ. ಖಡ್ಗ, ಕಠಾರಿ, ಬಂದೂಕುಗಳ ಈ ಸಂಗ್ರಹ ಮೂರನೆಯ ಫತೇಸಿಂಹರ (ಆಳ್ವಿಕೆ 1896–1923) ಹೆಸರಿನೊಂದಿಗೆ ಬೆಸೆದುಕೊಂಡಿದೆ. ವಸ್ತು ಎಲ್ಲಿಂದ ಬಂತು, ಯಾರು ಕೊಟ್ಟರು ಎಂಬುದನ್ನು ಹೇಳಬಲ್ಲುದು ಪತ್ರ ಮತ್ತು ಯಾದಿ ಮಾತ್ರ. ಕನ್ನಡ ಮಾತಿನ ಈ ಸೀಮೆಯಲ್ಲೂ ದಫ್ತರದ ಕಾಗದಗಳು ಹೆಚ್ಚಾಗಿ ಮೋಡಿ ಲಿಪಿಯಲ್ಲಿವೆ; ಲೇಖನಿ ಎತ್ತದೆ ಬರೆದ ಆ ಸಾಲುಗಳನ್ನು ಓದಬಲ್ಲವರು ಈಗ ವಿರಳ.

ಗಡಿಭಾಗದಲ್ಲಿ ಚಿಟ್ನೀಸ, ಫಡ್ನೀಸ, ಜಾಮದಾರ ಅಡ್ಡಹೆಸರಿನ ಮನೆಗಳು ಇಂದಿಗೂ ಇವೆ. ಅಟ್ಟದಲ್ಲಿ ಮೋಡಿ ಕಾಗದದ ಗಂಟಿದ್ದರೆ ಪುಣೆಯ ಪುರಾಲೇಖಾಗಾರಕ್ಕೋ ಭಾರತ ಇತಿಹಾಸ ಸಂಶೋಧಕ ಮಂಡಳಕ್ಕೋ ತೋರಿಸಬೇಕು.