ಪೇಟೆಬೀದಿಯ ಏಳುಬೀಳು

ಹೋದ ವರ್ಷ ಮಾರ್ಚ್ ತಿಂಗಳ ಕೊನೆಯಲ್ಲಿ, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯ ನಡುವೆ, ಮುಂಬಯಿಯ ನಮ್ಮ ಶಾಖೆಗೆ ಹಿರಿಯ ವ್ಯಾಪಾರಿಯೊಬ್ಬರು ಬಂದರು. ಕರಾವಳಿಯ ಕಡೆಯವರು; ಈ ಊರಿನಲ್ಲಿ ನಲವತ್ತು ವರ್ಷಗಳಿಂದ ದಿನಸಿ ಅಂಗಡಿ ನಡೆಸಿದವರು. ನಮ್ಮ ತಂದೆಯವರು ಹೊಟ್ಟೆಪಾಡಿಗೆಂದು ಇಲ್ಲಿಗೆ ಬಂದ ಹೊಸದರಲ್ಲಿ, ಸಂಬಳ ಕೈಸೇರುವವರೆಗೆ ಅಕ್ಕಿ ಬೇಳೆಯನ್ನು ಉದ್ರಿ ಕೊಟ್ಟವರೂ ಅವರೇ. ಮಕ್ಕಳಾದ ನಾವು ಅವರನ್ನು ಅಂಗಡಿ ಮಾಮ ಎಂದೇ ಕರೆಯುತ್ತಿದ್ದೆವು. "ಮಗಾ, ನನ್ನ ಕರೆಂಟ್ ಅಕೌಂಟ್ ಮುಚ್ಚಿಬಿಡು. ಅಂಗಡಿ ಮುಚ್ಚಿ ಆಯಿತು. ಈ ಮೊಬೈಲು ನಮ್ಮನ್ನು ನುಂಗಿತು" ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮೊಬೈಲೊಂದೇ ಅಂಗಡಿಯನ್ನು ನುಂಗಬಲ್ಲುದೆ? ಬ್ಯಾಂಕಿನ ಗುಮಾಸ್ತನಿಗೆ ಇತಿಹಾಸದ ಗೊಡವೆ ಏಕೆಂದು ವಾಚಕರು ಕೇಳಬಹುದು. ಆದರೆ ಲೆಕ್ಕದ ಪುಸ್ತಕವೂ ಒಂದು ಬಗೆಯ ಇತಿಹಾಸವೇ ಅಲ್ಲವೆ? ಆದುದರಿಂದ, ಈ ಕಥೆ ನಮಗಿಂತ ಮೊದಲೇ ನಡೆದುಹೋದ ಇಂಗ್ಲೆಂಡಿನ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಇಂಗ್ಲೆಂಡಿನ ಬಹುತೇಕ ಪಟ್ಟಣಗಳಲ್ಲಿ ಹೈ ಸ್ಟ್ರೀಟ್ ಎಂಬ ಹೆಸರಿನ ಬೀದಿಯೊಂದಿರುತ್ತದೆ. ನಮ್ಮ ಊರುಗಳಿಗೆ ತೇರುಬೀದಿ, ಪೇಟೆಬೀದಿಗಳಿದ್ದಂತೆ ಆ ಪಟ್ಟಣಗಳಿಗೆ ಅದು. ಅಂಚೆ ಕಚೇರಿ, ಬ್ಯಾಂಕು, ರೊಟ್ಟಿಯ ಅಂಗಡಿ, ಬಟ್ಟೆಯ ಅಂಗಡಿ ಎಲ್ಲವೂ ಅಲ್ಲಿಯೇ. ಅಂಗಡಿಕಾರರ ರಾಷ್ಟ್ರವೆಂಬ ಮಾತನ್ನು ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿಯೇ ಬಳಸಿದ್ದಾನೆ. ನೆಪೋಲಿಯನ್ ಇಂಗ್ಲೆಂಡನ್ನು ಹಾಗೆಂದು ಹಂಗಿಸಿದನೆಂಬುದು ರೂಢಿಯ ಮಾತು. ಹಂಗಿಸಿದರೇನು? ಆ ದೇಶ ಅಂಗಡಿಯಿಂದಲೇ ಬಾಳಿತು.

ಹಿಂದಿನ ಕಾಲದ ಅಂಗಡಿಯಲ್ಲಿ ಸರಕೆಲ್ಲ ಗಲ್ಲೆಯ ಹಿಂದೆ. ಗಿರಾಕಿ ಕೇಳಬೇಕು, ಅಂಗಡಿಯವನು ತೆಗೆದು ಕೊಡಬೇಕು. ಈ ಪದ್ಧತಿಯನ್ನು ಬದಲಿಸಿದವರಲ್ಲಿ ಇಬ್ಬರು ಮುಖ್ಯರು. 1884ರಲ್ಲಿ ಮೈಕೆಲ್ ಮಾರ್ಕ್ಸ್ ಎಂಬ ವಲಸಿಗ ಲೀಡ್ಸ್ ನಗರದ ಸಂತೆಕಟ್ಟೆಯಲ್ಲಿ ಅಂಗಡಿ ಹೂಡಿ, ಬೆಲೆ ಕೇಳಬೇಡಿ, ಎಲ್ಲಕ್ಕೂ ಒಂದೇ ಪೆನ್ನಿ ಎಂದು ಸಾರಿದ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಎಂಬ ದೊಡ್ಡ ಸಂಸ್ಥೆಯ ಬೀಜ ಅದು. ಇನ್ನೊಬ್ಬ ಅಮೆರಿಕದ ಫ್ರಾಂಕ್ ವೂಲ್‌ವರ್ತ್. 1909ರ ನವೆಂಬರ್ 5ರಂದು ಲಿವರ್‌ಪೂಲಿನಲ್ಲಿ ಆತನ ಮೊದಲ ಬ್ರಿಟಿಷ್ ಅಂಗಡಿ ತೆರೆಯಿತು. ಸರಕೆಲ್ಲ ಕಣ್ಣೆದುರು, ಮುಟ್ಟಿ ನೋಡಬಹುದು, ಯಾವುದಕ್ಕೂ ಆರು ಪೆನ್ನಿ ಮೀರಿದ ಬೆಲೆಯಿಲ್ಲ. ಕಾರ್ಖಾನೆಯ ಕೂಲಿಯವನ ಮಗುವೂ ಅಲ್ಲಿಗೆ ತಲೆಯೆತ್ತಿ ಹೋಗಬಹುದಾಗಿತ್ತು. ಮುಂದಿನ ಎರಡು ಮೂರು ತಲೆಮಾರುಗಳಲ್ಲಿ ವೂಲ್‌ವರ್ತ್ಸ್ ಇಲ್ಲದ ಪೇಟೆಬೀದಿ ಆ ದೇಶದಲ್ಲಿ ಅಪರೂಪವಾಯಿತು.

ಪೇಟೆಬೀದಿಗೆ ಮೊದಲ ಪೆಟ್ಟು ಬಿದ್ದುದು ಆನ್‌ಲೈನಿನಿಂದಲ್ಲ, ಮೋಟಾರು ಕಾರಿನಿಂದ. ಉತ್ತರ ಇಂಗ್ಲೆಂಡಿನ ಗೇಟ್ಸ್‌ಹೆಡ್ ಎಂಬ ಊರನ್ನೇ ನೋಡಿ. ಅಲ್ಲಿ 1986ರಲ್ಲಿ ಮೆಟ್ರೋ ಸೆಂಟರ್ ಎಂಬ ಭಾರೀ ಮಾಲ್ ತೆರೆಯಿತು. ಕಾರು ನಿಲ್ಲಿಸಲು ಬೇಕಾದಷ್ಟು ಜಾಗ. ಒಂದೇ ಸೂರಿನಡಿ ನೂರಾರು ಅಂಗಡಿ. ಕಾರಿದ್ದವರು ಅತ್ತ ತಿರುಗಿದರು. ಅದೇ ಊರಿನಲ್ಲಿ ಎರಡು ವರ್ಷ ಮೊದಲು, 1984ರಲ್ಲಿ, ಇನ್ನೊಂದು ಸಣ್ಣ ಘಟನೆ ನಡೆದಿತ್ತು. 72 ವರ್ಷದ ವೃದ್ಧೆಯೊಬ್ಬರು ಮನೆಯಲ್ಲಿ ಕುಳಿತು, ದೂರವಾಣಿ ತಂತಿಗೆ ಜೋಡಿಸಿದ ಟಿವಿಯ ಮೂಲಕ, ಟೆಸ್ಕೋ ಅಂಗಡಿಯಿಂದ ಮೊಟ್ಟೆ ಮುಂತಾದ ಸಾಮಾನು ತರಿಸಿಕೊಂಡರು. ಈ ಉಪಾಯದ ಕರ್ತೃ ಮೈಕೆಲ್ ಆಲ್ಡ್ರಿಚ್. ಆತ 1979ರಲ್ಲಿಯೇ ಇದರ ಪ್ರಯೋಗ ನಡೆಸಿದ್ದನು. ನಡೆದಾಡಲಾರದ ಮುದುಕರಿಗೆ ನೆರವಾಗಲೆಂದು ಪೌರಸಭೆ ಆ ಯೋಜನೆಯನ್ನು ಕೈಗೊಂಡಿತ್ತು. ಮನೆಯಿಂದಲೇ ಕೊಳ್ಳುವ ಈ ಪದ್ಧತಿಯ ಮೊದಲ ಹೆಜ್ಜೆಗಳಲ್ಲಿ ಒಂದು ಹೀಗೆ ಕರುಣೆಯಿಂದ ಹುಟ್ಟಿತೆಂಬುದನ್ನು ನಾವು ಮರೆಯಬಾರದು.

ಮುಂದೆ ಅಂತರ್ಜಾಲ ಬಂದಿತು. 1995ರಲ್ಲಿ ಅಮೆರಿಕದಲ್ಲಿ ಪುಸ್ತಕ ಮಾರಲು ತೊಡಗಿದ ಅಮೆಜಾನ್ 1998ರಲ್ಲಿ ಬ್ರಿಟನ್ನಿಗೂ ಕಾಲಿಟ್ಟಿತು. ಸುಮಾರು ಹತ್ತು ವರ್ಷಗಳ ಬಳಿಕ, 2008ರ ನವೆಂಬರಿನಲ್ಲಿ ವೂಲ್‌ವರ್ತ್ಸ್ ದಿವಾಳಿಯೆದ್ದಿತು. 2009ರ ಜನವರಿ 6ರಂದು ಕೊನೆಯ ಅಂಗಡಿಗಳ ಬಾಗಿಲು ಮುಚ್ಚಿತು. 807 ಅಂಗಡಿಗಳು, ಸುಮಾರು 27,000 ಮಂದಿಯ ಅನ್ನ. ನೂರು ತುಂಬಲು ಇನ್ನು ಹತ್ತೇ ತಿಂಗಳು ಉಳಿದಿತ್ತು.

ಆನ್‌ಲೈನೇ ಕೊಂದಿತೆಂದು ಅನೇಕರು ಹೇಳಿದರು. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. 2008ರಲ್ಲಿ ಬ್ರಿಟನ್ನಿನ ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನಿನ ಪಾಲು ನೂರಕ್ಕೆ ಸುಮಾರು 5 ಮಾತ್ರ. ಹಾಗಾದರೆ ಅಷ್ಟು ದೊಡ್ಡ ಮರ ಉರುಳಿದ್ದು ಹೇಗೆ? ಗೆದ್ದಲು ಮೊದಲೇ ಒಳಹೊಕ್ಕಿತ್ತು. 2001ರಲ್ಲಿ ವೂಲ್‌ವರ್ತ್ಸನ್ನು ಅದರ ಒಡೆತನದ ಕಂಪನಿ ಬೇರ್ಪಡಿಸಿತು. ಆ ಹೊತ್ತಿನಲ್ಲಿ 182 ಸ್ವಂತ ಕಟ್ಟಡಗಳನ್ನು 61.4 ಕೋಟಿ ಪೌಂಡಿಗೆ ಮಾರಿ, ಅವೇ ಕಟ್ಟಡಗಳನ್ನು ಬಾಡಿಗೆಗೆ ಹಿಡಿಯಲಾಯಿತು. ತನ್ನ ಮನೆಯನ್ನು ಮಾರಿ ಅದರಲ್ಲೇ ಬಾಡಿಗೆದಾರನಾಗಿ ಕುಳಿತವನ ಗತಿ ಏನೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಮಾರಿದ ದುಡ್ಡು ಒಮ್ಮೆ ಬರುತ್ತದೆ. ಬಾಡಿಗೆ ಪ್ರತಿ ವರ್ಷವೂ ಹೋಗುತ್ತದೆ. ವ್ಯಾಪಾರ ಕುಗ್ಗಿತು, ಬಾಡಿಗೆ ಹಿಗ್ಗಿತು. ಕೊನೆಗೆ ಉಳಿದದ್ದು 38.5 ಕೋಟಿ ಪೌಂಡು ಸಾಲ.

ಡೆಬೆನ್‌ಹ್ಯಾಮ್ಸ್ ಎಂಬ ಬಟ್ಟೆಬರೆಯ ದೊಡ್ಡ ಅಂಗಡಿಯ ಕಥೆಯೂ ಇದೇ. ಅದರ ಬೇರು 1778ರಷ್ಟು ಹಳೆಯದು. ನಮ್ಮಲ್ಲಿ ಹೈದರಾಲಿ ಆಳುತ್ತಿದ್ದ ಕಾಲ. 2003ರಲ್ಲಿ ಹಣ ಹೂಡುವವರ ಕೂಟವೊಂದು ಅದನ್ನು ಕೊಂಡಿತು. 2005ರಲ್ಲಿ 23 ಕಟ್ಟಡಗಳನ್ನು 49.5 ಕೋಟಿ ಪೌಂಡಿಗೆ ಮಾರಿ ಬಾಡಿಗೆಗೆ ಪಡೆಯಲಾಯಿತು. 2006ರಲ್ಲಿ ಅದು ಷೇರುಪೇಟೆಗೆ ಮರಳುವ ಹೊತ್ತಿಗೆ ಅದರ ತಲೆಯ ಮೇಲೆ 100 ಕೋಟಿ ಪೌಂಡು ಮೀರಿದ ಸಾಲವಿತ್ತು. ಕೊಂಡವರು ಲಾಭ ಕಟ್ಟಿಕೊಂಡು ಹೊರಟರು; ಹೊರೆ ಅಂಗಡಿಯ ಪಾಲಿಗೆ ಉಳಿಯಿತು.

ಆನ್‌ಲೈನ್ ವ್ಯಾಪಾರ ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ ಅಂಗಡಿಯ ತೆರಿಗೆ ಕಟ್ಟಡದ ಬಾಡಿಗೆ ಮೌಲ್ಯವನ್ನು ಅವಲಂಬಿಸಿದೆ. ಪೇಟೆಬೀದಿಯ ನಡುವಿನ ಅಂಗಡಿ ಅದನ್ನು ಹೆಚ್ಚಾಗಿ ತೆರಬೇಕು; ಊರಾಚೆಯ ಬಯಲಿನ ಉಗ್ರಾಣಕ್ಕೆ ಜಾಗಕ್ಕೆ ತಕ್ಕಂತೆ ಅದು ಹಗುರ. ಈ ಪಂದ್ಯ ಸಮನಲ್ಲ. ಅದರ ಮೇಲೆ 2020ರಲ್ಲಿ ಕೊರೋನಾ ಬಂದು ಅಂಗಡಿಗಳ ಬಾಗಿಲು ಹಾಕಿಸಿತು. 2021ರ ಆರಂಭದಲ್ಲಿ ಆನ್‌ಲೈನಿನ ಪಾಲು ಮೂರನೆಯ ಒಂದು ಭಾಗವನ್ನೂ ಮೀರಿತು. ಬಳಿಕ ಇಳಿದರೂ ಕಾಲು ಭಾಗದ ಆಸುಪಾಸಿನಲ್ಲಿಯೇ ನಿಂತಿತು. ಸಾಲದಿಂದ ಬಡವಾಗಿದ್ದ ಡೆಬೆನ್‌ಹ್ಯಾಮ್ಸ್ ಆ ಗಾಳಿಯನ್ನು ತಾಳಲಿಲ್ಲ. 2021ರ ಮೇ ತಿಂಗಳಲ್ಲಿ ಅದರ ಕೊನೆಯ ಅಂಗಡಿಗಳು ಮುಚ್ಚಿದವು. 2006ರಲ್ಲಿ ಹುಟ್ಟಿದ ಬೂಹೂ ಎಂಬ ಆನ್‌ಲೈನ್ ಕಂಪನಿ ಅದರ ಹೆಸರನ್ನೂ ಜಾಲತಾಣವನ್ನೂ 5.5 ಕೋಟಿ ಪೌಂಡಿಗೆ ಕೊಂಡಿತು. ಅಂಗಡಿಗಳು ಬೇಡವೆಂದಿತು, ಅಲ್ಲಿ ದುಡಿಯುತ್ತಿದ್ದವರೂ ಬೇಡವಾದರು.

ಅಂಗಡಿಯ ಹಿಂದೆಯೇ ಬ್ಯಾಂಕೂ ಹೊರಟಿತು. 2015ರಿಂದೀಚೆಗೆ ಬ್ರಿಟನ್ನಿನಲ್ಲಿ 6,000ಕ್ಕೂ ಹೆಚ್ಚು ಬ್ಯಾಂಕ್ ಶಾಖೆಗಳು ಮುಚ್ಚಿವೆ. ಕೌಂಟರಿನ ಹಿಂದೆ ಕುಳಿತು ಈ ಅಂಕಿಯನ್ನು ಓದುವಾಗ, ಅಂಗಡಿ ಮಾಮನ ಕುರ್ಚಿಗೂ ನನ್ನ ಕುರ್ಚಿಗೂ ಹೆಚ್ಚು ದೂರವಿಲ್ಲವೆಂದು ನನಗನಿಸದೆ ಇರಲಿಲ್ಲ. ಆದರೆ ಕತ್ತಲೆಯೇ ಎಲ್ಲವೂ ಅಲ್ಲ. ಆ ದೇಶದಲ್ಲಿ ಸ್ವತಂತ್ರ ಪುಸ್ತಕದ ಅಂಗಡಿಗಳು 2016ರಲ್ಲಿ 867ಕ್ಕೆ ಇಳಿದಿದ್ದವು. 2022ರ ವೇಳೆಗೆ ಮತ್ತೆ ಸಾವಿರವನ್ನು ದಾಟಿದವು. ಆನ್‌ಲೈನಿನ ಮೊದಲ ಬೇಟೆ ಪುಸ್ತಕವೇ ಆಗಿತ್ತು. ಮೊದಲು ಚೇತರಿಸಿಕೊಂಡವುಗಳಲ್ಲಿಯೂ ಪುಸ್ತಕದ ಅಂಗಡಿ ಸೇರಿತು.

ಇನ್ನು ನಮ್ಮ ಕಡೆಗೆ ಬರೋಣ. ಭಾರತದ ಆನ್‌ಲೈನ್ ವ್ಯಾಪಾರದ ತೊಟ್ಟಿಲು ನಮ್ಮ ಬೆಂಗಳೂರೇ. 1999ರಲ್ಲಿ ಫ್ಯಾಬ್‌ಮಾರ್ಟ್ ಅಲ್ಲಿ ಆರಂಭವಾಯಿತು. 2007ರಲ್ಲಿ ಫ್ಲಿಪ್‌ಕಾರ್ಟ್ ಅಲ್ಲಿಯೇ ಪುಸ್ತಕ ಮಾರಾಟದಿಂದ ತೊಡಗಿ, 2010ರಲ್ಲಿ ಸರಕು ಕೈಸೇರಿದ ಮೇಲೆ ಹಣ ಕೊಡುವ ಏರ್ಪಾಟನ್ನು ಜಾರಿಗೆ ತಂದು ಜನರ ನಂಬಿಕೆ ಗಳಿಸಿತು. ಇತ್ತ ಮುಂಬಯಿಯಲ್ಲಿ ಸಂಗೀತಪ್ರಿಯರ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಟಿ. ಎನ್. ಶಾನಭಾಗರು 1948ರಲ್ಲಿ ಕಟ್ಟಿದ ಸ್ಟ್ರ್ಯಾಂಡ್ ಬುಕ್ ಸ್ಟಾಲ್ 2018ರಲ್ಲಿ ಕಣ್ಮರೆಯಾಯಿತು. ಹಾಗೆಂದು ಆನ್‌ಲೈನನ್ನು ಶಪಿಸಲು ಹೊರನಾಡ ಕನ್ನಡಿಗರಾದ ನಮಗೆ ಬಾಯಿ ಬರುವುದಿಲ್ಲ. ಹಿಂದೆ ಊರಿಗೆ ಹೋದವರ ಟ್ರಂಕಿನಲ್ಲಿ ಬರಬೇಕಾಗಿದ್ದ ಕನ್ನಡ ಪುಸ್ತಕ ಇಂದು ವಾರದೊಳಗೆ ಮನೆಬಾಗಿಲಿಗೆ ಬರುತ್ತದೆ. ನಮ್ಮ ಮಕ್ಕಳು ಕನ್ನಡ ಓದುತ್ತಿದ್ದರೆ ಅದರಲ್ಲಿ ಈ ಸೌಕರ್ಯದ ಪಾಲೂ ಇದೆ.

ಖಾತೆ ಮುಚ್ಚಿದ ದಿನ ಸಂಜೆ ಅಂಗಡಿ ಮಾಮನೊಡನೆ ಚಹಾ ಕುಡಿಯಲು ಕುಳಿತೆ. ಆಗ ಅವರಾಗಿಯೇ ಇನ್ನೊಂದು ಮಾತು ಹೇಳಿದರು. ಕೆಲವು ವರ್ಷಗಳ ಹಿಂದೆ, ಎರಡನೆಯ ಅಂಗಡಿ ತೆರೆಯುವ ಆಸೆಯಿಂದ, ಸ್ವಂತದ್ದಾಗಿದ್ದ ಮೊದಲ ಅಂಗಡಿಯ ಜಾಗವನ್ನು ಮಾರಿ, ಅದರಲ್ಲೇ ಬಾಡಿಗೆಗೆ ನಿಂತಿದ್ದರಂತೆ. "ಗಿರಾಕಿ ಅರ್ಧ ಹೋದರೂ ಸ್ವಂತ ಜಾಗದಲ್ಲಿ ಹೇಗೋ ಕೂತಿರುತ್ತಿದ್ದೆ ಮಗಾ. ಬಾಡಿಗೆ ಕೂತಿರಲು ಬಿಡಲಿಲ್ಲ." ಲಿವರ್‌ಪೂಲಿನಲ್ಲಿ ತೊಡಗಿದ ಕಥೆಯನ್ನು ಅವರು ಕೇಳಿದವರೇ ಅಲ್ಲ, ಆದರೂ ಅದರ ಸಾರವನ್ನು ಒಂದು ಲೋಟ ಚಹಾದಲ್ಲಿ ಹೇಳಿ ಮುಗಿಸಿದರು.

ನಮ್ಮ ಸಂಘದಲ್ಲಿ ಅಂಗಡಿ, ಹೋಟೆಲು ನಡೆಸುವ ಬಂಧುಗಳು ಅನೇಕರಿದ್ದಾರೆ. ಸ್ವಂತ ಜಾಗವನ್ನು ಮಾರುವ ಮುನ್ನ, ದೊಡ್ಡ ಸಾಲಕ್ಕೆ ಸಹಿ ಹಾಕುವ ಮುನ್ನ, ಈ ಲೆಕ್ಕವನ್ನು ಒಮ್ಮೆ ನೆನೆಯಬೇಕೆಂದು ಅವರಲ್ಲಿ ವಿನಂತಿ. ಕೊಳ್ಳುವವರಾದ ನಮ್ಮಲ್ಲಿಯೂ ಒಂದು ವಿನಂತಿ ಇದೆ. ದೂರದಿಂದ ಬರಬೇಕಾದುದನ್ನು ಮೊಬೈಲಿನಲ್ಲಿ ಧಾರಾಳವಾಗಿ ತರಿಸೋಣ. ಆದರೆ ಬೀದಿಯ ಮೂಲೆಯಲ್ಲೇ ಸಿಗುವ ಉಪ್ಪು, ಬೇಳೆ, ಬೆಲ್ಲಕ್ಕೆ ನಾಲ್ಕು ಹೆಜ್ಜೆ ನಡೆಯೋಣ. ಇಂದಿಗೂ ಊರಿನಿಂದ ಬರಿಗೈಯಲ್ಲಿ ಬಂದಿಳಿಯುವ ಹುಡುಗರಿದ್ದಾರೆ. ಮುಖ ನೋಡಿ ಉದ್ರಿ ಕೊಡುವವರು ಈ ನಗರದಲ್ಲಿ ಅವರಿಗಾಗಿ ಇನ್ನೂ ಕೆಲವರಾದರೂ ಉಳಿದಿರಬೇಕು.