ಹಾವಸೆ

ಬಾದಾಮಿಯ ಅಗಸ್ತ್ಯತೀರ್ಥದ ಸೋಪಾನಗಳಲ್ಲಿಳಿಯುವವನಿಗೆ ಒದ್ದೆಗಲ್ಲಿನ ಮೇಲಣ ಜಾರುವ ಹಸುರು ಲೋಳೆಯ ಎಚ್ಚರವನ್ನೀಯುವ ಈ ಪದದ ಪೂರ್ವರೂಪ ‘ಪಾವಸೆ’. ಹಳಗನ್ನಡದ ಪದಾದಿಯ ಪಕಾರವು ನಡುಗನ್ನಡದಲ್ಲಿ ಹಕಾರವಾಗಲು, ‘ಪಾಲ್’ ಹಾಲಾದಂತೆ ಇದೂ ಹಾವಸೆಯಾಗಿ, ಕಡೆಯ ಎಕಾರವನ್ನು ಇಕಾರವಾಗಿಸುವ ಹುನಗುಂದ, ಇಳಕಲ್ ಸೀಮೆಯವರ ಬಾಯಲ್ಲಿ ‘ಹಾವಸಿ’ಯೆನಿಸಿತು. ತಮಿಳಿನ ‘ಪಾಸಿ’, ನಮ್ಮದೇ ‘ಪಾಚಿ’ ಇದರ ದಾಯಾದಿಗಳು. ಕಲ್ಲಿನ ಮೇಲಣ ಈ ಲೋಳೆಯಂತೆಯೇ, ಸೂಕ್ಷ್ಮಾಣುಗಳು ತಾವೇ ಸ್ರವಿಸಿದ ಅಂಟಿನೊಳಗೆ ಗುಂಪಾಗಿ ನೆಲೆಸಿ ಕಟ್ಟಿಕೊಳ್ಳುವ ಪದರವನ್ನು ವಿಜ್ಞಾನವು ‘ಬಯೋಫಿಲ್ಮ್’ ಎನ್ನುತ್ತದೆ. ಹಸುರಾಗಿ ತೋರದ ಕೊಡದೊಳಗಣ ಲೋಳೆಯೂ, 1683ರಲ್ಲಿ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡ ದಂತಮಲವೂ ಆ ಜಾತಿಯವೇ. ‘ಜೈವಿಕ ಪೊರೆ’ ಎಂಬ ಪಾರಿಭಾಷಿಕಕ್ಕಿಂತ, ಅರ್ಥವನ್ನು ತುಸು ಹಿಗ್ಗಿಸಿಯಾದರೂ, ಹಾವಸೆಯೇ ನನಗೆ ರುಚಿಸುತ್ತದೆ. ಹಾವಸೆಯ ಅಂಟು ಕ್ರಿಮಿನಾಶಕವನ್ನು ಸುಲಭವಾಗಿ ಒಳಬಿಡದುದರಿಂದ, ನೀರಿನ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕುವ ಮುನ್ನ ಒಳಮೈಯನ್ನು ಚೆನ್ನಾಗಿ ತಿಕ್ಕಿ ತೊಳೆಯಿರಿ.